ಮಂಗಳವಾರ, ಶುಕ್ರವಾರದ ಸೋರಿಕೆ

ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ಕೋಣೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದ ಮನುಷ್ಯನ ಮನೆಯಲ್ಲೇ ಕಾರಿನ ಬ್ಯಾಟರಿ ಸತ್ತು ಮಲಗಿದರೆ ಬೀದಿಯವರು ನಗದೆ ಬಿಡುತ್ತಾರೆಯೇ? ಅದೂ ಒಂದು ಸಲವಲ್ಲ, ಮೂರನೆಯ ಸಲ.

ಆ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅತ್ತೆ ಶಾಲು ಹೊದ್ದು, ಕಣ್ಣಾಸ್ಪತ್ರೆಯ ಚೀಟಿಗಳ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕೂತಾಗಿತ್ತು. ಮಗ ಕೀ ತಿರುಗಿಸಿದ. ಟಕ್ ಎಂದಿತು. ಇನ್ನೊಮ್ಮೆ ತಿರುಗಿಸಿದ. ಅದೂ ಇಲ್ಲ. ಸೊಸೆಯೂ ಮೊಮ್ಮಗಳೂ ಎದುರುಮನೆಯ ಇಬ್ಬರ ಜೊತೆ ಸೇರಿ ಬೀದಿಯ ಕೊನೆಯ ತನಕ ತಳ್ಳಿದರು. ಕಾರು ಎರಡು ಸಲ ಕೆಮ್ಮಿ ನಿಂತಿತು.

“ಇಳೀರಿ ಅತ್ತೆ. ಬಾಡಿಗೆ ಗಾಡಿ ತರಿಸ್ತೀನಿ,” ಎಂದಳು ಸೊಸೆ, ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ.

ಅತ್ತೆ ಸಾವಕಾಶವಾಗಿ ಇಳಿದರು. “ಹೋಗ್ಲಿ ಬಿಡು. ಮಿಷನ್ನು ತಾನೇ,” ಎಂದರು.

ಈ ಸೊಸೆಯನ್ನು ಬೀದಿಯವರೆಲ್ಲ ಬೈಂಡಿಂಗಮ್ಮ ಎಂದೇ ಕರೆಯುತ್ತಿದ್ದರು. ಮನೆಯ ಹಿಂದಿನ ಶೆಡ್ಡಿನಲ್ಲಿ ಅರ್ಧ ಜಾಗ ಕಾರಿನದು, ಅರ್ಧ ಅವಳದು. ಅಲ್ಲಿ ಕೂತು ಇಪ್ಪತ್ತು ವರ್ಷದಿಂದ ಪ್ರೆಸ್ಸಿನವರಿಗೆ ರಿಜಿಸ್ಟರ್ ಬೈಂಡ್ ಮಾಡಿಕೊಡುತ್ತಿದ್ದಳು. ಅವಳ ಗಂಡನಿಗೂ ಬೀದಿಯವರು ಒಂದು ಹೆಸರಿಟ್ಟಿದ್ದರು, ಆದರೆ ಅದು ಬೆನ್ನ ಹಿಂದೆ: ಮೀಟರಪ್ಪ. ರಿಟೈರ್ ಆದ ಮೇಲೂ ಮೀಟರು ಅವನ ಜೇಬು ಬಿಟ್ಟಿರಲಿಲ್ಲ. ಯಾರ ಮನೆಯ ಗಡಿಯಾರ ನಿಂತರೂ ಹೋಗಿ ಸೆಲ್ ಪರೀಕ್ಷೆ ಮಾಡಿ, ಕೇಳದಿದ್ದರೂ ಅಂಕಿ ಹೇಳಿ ಬರುತ್ತಿದ್ದ.

ಅಂದು ರಾತ್ರಿಯ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಮೀಟರಪ್ಪ ಆಲೂಗಡ್ಡೆ ಮುಟ್ಟಲಿಲ್ಲ.

“ಬ್ಯಾಟರಿ ತಾನಾಗಿ ಸಾಯಲ್ಲ. ಯಾರಾದ್ರೂ ಸಾಯಿಸ್ಬೇಕು,” ಎಂದ.

“ಓಡಿಸದೇ ಇಟ್ರೆ ಸಾಯುತ್ತೆ ಅಪ್ಪ,” ಎಂದಳು ಮಗಳು. ಅವಳು ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಮಧ್ಯಾಹ್ನದ ಶಿಫ್ಟು ಮುಗಿಸಿ ಬಂದು ಒಂದು ಕೈಯಲ್ಲಿ ತಲೆ ಹಿಡಿದುಕೊಂಡೇ ಉಣ್ಣುತ್ತಿದ್ದಳು. “ಗ್ಯಾರೇಜಿನವರೂ ಅದನ್ನೇ ಹೇಳಿದ್ರು. ವಾರಕ್ಕೊಂದು ಸಲ ಅರ್ಧ ಗಂಟೆ ರೋಡಲ್ಲಿ ಓಡ್ಬೇಕು. ನೀವು ನಿಂತಲ್ಲೇ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡ್ತೀರಿ. ಸ್ಟಾರ್ಟ್ ಮಾಡೋಕೆ ಖರ್ಚಾಗಿದ್ದೂ ವಾಪಸ್ ತುಂಬಲ್ಲ ಅದ್ರಲ್ಲಿ.”

“ಹತ್ತು ನಿಮಿಷ ಸಾಲ್ದು, ಒಪ್ತೀನಿ. ಆದ್ರೆ ತಿಂಗಳಿಗೆ ಮೂರು ಸಲ ಸಾಯೋವಷ್ಟು ಸೋರಲ್ಲ. ಎಲ್ಲೋ ಲೀಕ್ ಇದೆ.”

“ನನ್ನ ಹತ್ರ ಲೈಸೆನ್ಸ್ ಇದೆ. ಕೀ ಕೊಡಿ, ಭಾನುವಾರ ನಾನೇ ಓಡಿಸ್ಕೊಂಡು ಬರ್ತೀನಿ.”

“ಶಿಫ್ಟಿನ ನಿದ್ದೆಗಣ್ಣಲ್ಲಿ ಓಡಿಸಿ ಯಾರಿಗಾದ್ರೂ ಗುದ್ದೋಕಾ?”

ಅತ್ತೆಯ ಕೈಯಿಂದ ಲೋಟ ಜಾರಿ ನೀರು ಚೆಲ್ಲಿತು. ಬೈಂಡಿಂಗಮ್ಮ ಎದ್ದು ಬಟ್ಟೆ ತಂದು ಒರೆಸಿದಳು. ವಯಸ್ಸಾದವರ ಕೈ, ಜಾರುತ್ತದೆ ಎಂದುಕೊಂಡಳೇ ಹೊರತು ಬೇರೇನೂ ಅವಳ ತಲೆಗೆ ಹೊಳೆಯಲಿಲ್ಲ.

ಮೀಟರಪ್ಪ ಹೊಸ ಬ್ಯಾಟರಿ ತಂದ. ಜೊತೆಗೆ ಒಂದು ಚಾರ್ಜರು ತಂದ. ಹಳೆಯದರ ಕೊಂಡಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬಿಸಿನೀರು, ಸೋಡಾ ಹಾಕಿ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದ. ಬ್ರಷ್ಷು ಹೆಂಡತಿಯದು ಎಂಬುದು ಸಂಜೆ ತಿಳಿಯಿತು. “ಬಿಚ್ಚೋವಾಗ ಮೈನಸ್ ಮೊದಲು, ಹಾಕೋವಾಗ ಪ್ಲಸ್ ಮೊದಲು,” ಎಂದು ಮನೆಯವರನ್ನೆಲ್ಲ ಸುತ್ತ ನಿಲ್ಲಿಸಿ ಪಾಠ ಹೇಳಿದ. ಒಲೆಯ ಮೇಲೆ ಬೇಳೆ ತಳ ಹತ್ತಿದ ವಾಸನೆ ಬರುವ ತನಕ ಪಾಠ ನಡೆಯಿತು.

ಶೆಡ್ಡಿನಲ್ಲಿದ್ದದ್ದು ಒಂದೇ ಪ್ಲಗ್ಗು. ಅದರಲ್ಲಿ ಬೈಂಡಿಂಗಮ್ಮ ಅಂಟು ಕಾಯಿಸುವ ಸಣ್ಣ ಕರೆಂಟ್ ಒಲೆ ಇಟ್ಟುಕೊಂಡಿದ್ದಳು. ಮರುದಿನ ಹೋಗಿ ನೋಡಿದರೆ ಒಲೆ ಮೂಲೆಯಲ್ಲಿ, ಚಾರ್ಜರು ಪ್ಲಗ್ಗಿನಲ್ಲಿ.

“ರೀ, ಇನ್ನೂರು ರಿಜಿಸ್ಟರ್ ಕೊಡ್ಬೇಕು ತಿಂಗಳ ಕೊನೆ ಒಳಗೆ. ಅಂಟು ಎಲ್ಲಿ ಕಾಯಿಸ್ಲಿ? ನಿಮ್ಮ ತಲೆ ಮೇಲಾ?”

“ಅಡುಗೆಮನೇಲಿ ಕಾಯಿಸು. ಇದು ರಾತ್ರಿ ಹಗಲು ಇರ್ಬೇಕು, ಬಿಟ್ಟು ಬಿಟ್ಟು ಹಾಕೋ ಹಾಗಿಲ್ಲ.”

ಅಲ್ಲಿಂದ ಶುರುವಾಯಿತು ಅವಳ ಪಾಡು. ಅಡುಗೆಮನೆಯಲ್ಲಿ ಅಂಟು ಕಾಯಿಸಿ, ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಹಿತ್ತಿಲು ದಾಟಿ ಶೆಡ್ಡಿಗೆ ಓಡಬೇಕು, ಹತ್ತು ಪುಸ್ತಕದ ಬೆನ್ನಿಗೆ ಬಳಿಯುವುದರೊಳಗೆ ಅದು ಹೆಪ್ಪುಗಟ್ಟುತ್ತಿತ್ತು, ಮತ್ತೆ ಓಡಬೇಕು. ಅನ್ನಕ್ಕೂ ಅಂಟಿನ ವಾಸನೆ ಎಂದು ಮಗಳು ಮುಖ ಸಿಂಡರಿಸುತ್ತಿದ್ದಳು. ಬಳಸದ ಕಾರನ್ನು ಸಾಕುವುದು ಅಂದರೆ ಕರೆಯದ ಎಮ್ಮೆಗೆ ಹಿಂಡಿ ಹಾಕಿದ ಹಾಗೆ ಎಂದು ಬೈಂಡಿಂಗಮ್ಮ ಗೊಣಗಿದರೆ, “ಎಮ್ಮೆ ಸಾಕಿದ್ದೀಯಾ ನೀನು? ಸುಮ್ನಿರು,” ಎನ್ನುತ್ತಿದ್ದ ಗಂಡ.

ಒಂದು ವಾರ ಚಾರ್ಜು ಮಾಡಿ, ತುಂಬಿದ ಮೇಲೆ ಚಾರ್ಜರು ಕಿತ್ತಿಟ್ಟು, ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಆರಕ್ಕೆ ಒಮ್ಮೆ ವೋಲ್ಟಿನ ಅಳತೆ ನೋಡತೊಡಗಿದ. ಅಳತೆ ಬರೆಯಲು ಅವಳೇ ನೀಲಿ ರೆಕ್ಸಿನ್ ಹಾಕಿ ಒಂದು ಸಣ್ಣ ರಿಜಿಸ್ಟರ್ ಬೈಂಡ್ ಮಾಡಿ ಕೊಟ್ಟಳು. ಗಂಡನಿಗೆ ಒಂದು ಕೆಲಸವಾಯಿತಲ್ಲ, ತನ್ನ ತಂಟೆಗೆ ಬರುವುದು ತಪ್ಪಿತು ಎಂಬ ಆಸೆ ಅವಳಿಗೆ.

“ಹನ್ನೆರಡು ಪಾಯಿಂಟ್ ಆರು,” ಎಂದು ಊಟದ ಮುಂದೆ ಘೋಷಣೆಯಾಗುತ್ತಿತ್ತು. ಹನ್ನೆರಡೂವರೆ ದಾಟಿದ್ದರೆ ಊಟ ನೆಮ್ಮದಿಯದು. ಹನ್ನೆರಡಕ್ಕಿಂತ ಕೆಳಗಿಳಿದರೆ ಉಪ್ಪು ಹೆಚ್ಚಾಗಿದೆ, ಅನ್ನ ಮುದ್ದೆಯಾಗಿದೆ, ಮಗಳ ಫೋನು ಗದ್ದಲ, ಎಲ್ಲವೂ ತಪ್ಪು.

ಇಳಿದಾಗಲೆಲ್ಲ ರಾತ್ರಿ ಮತ್ತೆ ಚಾರ್ಜು ಹಾಕುತ್ತಿದ್ದ. ಎರಡನೆಯ ವಾರವೂ ಹನ್ನೆರಡು ಪಾಯಿಂಟ್ ಆರು ಇದ್ದದ್ದು ಒಂದೇ ಮಧ್ಯಾಹ್ನದಲ್ಲಿ ಹನ್ನೆರಡಕ್ಕೆ ಇಳಿಯಿತು. ಮೀಟರಪ್ಪ ಕಾರಿನ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಗಡಿಯಾರ, ರೇಡಿಯೋ, ಹಾರ್ನು, ಯಾವುದರಲ್ಲೂ ಸೋರಿಕೆಯಿಲ್ಲ. ಗ್ಯಾರೇಜಿನವನನ್ನು ಕರೆಸಿದ.

“ಸಾರ್, ಇಷ್ಟೆಲ್ಲ ಯಾಕೆ? ಮೈನಸ್ ವೈರ್ ಬಿಚ್ಚಿಟ್ಬಿಡಿ. ಬೇಕಾದಾಗ ಹಾಕ್ಕೊಳ್ಳಿ. ಎರಡು ನಿಮಿಷದ ಕೆಲಸ,” ಎಂದ ಅವನು.

“ಸೋರಿಕೆ ಎಲ್ಲಿ ಅಂತ ಹುಡುಕದೆ ವೈರ್ ಬಿಚ್ಚಿಡೋದು ಸೋಮಾರಿ ಕೆಲಸ. ಎಕ್ಸ್‌ಚೇಂಜಲ್ಲಿ ಹಾಗೆ ಮಾಡಿದ್ರೆ ಊರಿನ ಫೋನೆಲ್ಲ ಸಾಯ್ತಿತ್ತು.”

“ಇದು ಎಕ್ಸ್‌ಚೇಂಜ್ ಅಲ್ವಲ್ಲ ಸಾರ್, ಹಳೇ ಕಾರು,” ಎಂದು ಅವನು ನಗುತ್ತ ಹೋದ. ಆ ನಗು ಮೀಟರಪ್ಪನಿಗೆ ಎರಡು ದಿನ ಚುಚ್ಚಿತು.

ಮೂರನೆಯ ವಾರದ ಬುಧವಾರ ರಾತ್ರಿ ಅವನು ನೀಲಿ ರಿಜಿಸ್ಟರನ್ನು ಊಟದ ಮೇಜಿಗೇ ತಂದ. ಬೈಂಡಿಂಗಮ್ಮ ಬಡಿಸುತ್ತಿದ್ದಳು.

“ಕೂತ್ಕೋ. ಇದನ್ನ ನೋಡು. ಸೋಮವಾರ ಇಳಿದಿಲ್ಲ. ಬುಧವಾರ ಇಳಿದಿಲ್ಲ. ಮಂಗಳವಾರ ಇಳಿದಿದೆ, ಶುಕ್ರವಾರ ಇಳಿದಿದೆ. ಮತ್ತೆ ಮಂಗಳವಾರ. ಮತ್ತೆ ಶುಕ್ರವಾರ. ನಿನ್ನೆ ಯಾವ ವಾರ?”

“ಮಂಗಳವಾರ. ಅದಕ್ಕೆ?”

“ಮಂಗಳವಾರ, ಶುಕ್ರವಾರ ನೀನು ಪ್ರೆಸ್ಸಿಗೆ ಹೋಗೋ ದಿನ. ಧೂಳು ಬೀಳುತ್ತೆ ಅಂತ ರಿಜಿಸ್ಟರೆಲ್ಲ ಕಾರಿನ ಹಿಂದಿನ ಸೀಟಲ್ಲಿಟ್ಟಿರ್ತೀಯ. ಹೋಗೋ ಅವಸರದಲ್ಲಿ ಬಾಗಿಲು ಸರಿಯಾಗಿ ಹಾಕಲ್ಲ. ಒಳಗಿನ ಲೈಟು ಉರೀತಾನೇ ಇರುತ್ತೆ.”

“ನಾನು ಬಾಗಿಲು ಹಾಕಿ, ಎಳೆದು ನೋಡಿ ಹೋಗ್ತೀನಿ.”

“ಪುಸ್ತಕ ಸುಳ್ಳು ಹೇಳಲ್ಲ.”

“ಆ ಪುಸ್ತಕ ಕಟ್ಟಿಕೊಟ್ಟಿದ್ದು ನಾನು. ನಾನು ಹೇಳ್ತೀನಾ ಸುಳ್ಳು?”

ಮಗಳು ತಟ್ಟೆಯಿಂದ ತಲೆಯೆತ್ತಿದಳು. “ಅಪ್ಪ, ಒಳಗಿನ ಸಣ್ಣ ಲೈಟು ಒಂದು ಮಧ್ಯಾಹ್ನ ಉರಿದ್ರೆ ಇಷ್ಟು ಇಳಿಯುತ್ತಾ? ನೀವೇ ಲೆಕ್ಕ ಹಾಕಿ.”

 ಲೆಕ್ಕ ತಾಳೆಯಾಗುವುದಿಲ್ಲ ಎಂದು ಮೀಟರಪ್ಪನಿಗೂ ಗೊತ್ತು. ಆದರೆ ಕೈಗೆ ಸಿಕ್ಕ ಕಳ್ಳನನ್ನು ಬಿಡಲು ಮನಸ್ಸಿಲ್ಲ. “ಇನ್ಮೇಲೆ ಕಾರೊಳಗೆ ಯಾರೂ ಏನೂ ಇಡ್ಬಾರ್ದು. ಬರೋ ಸೋಮವಾರ ಅಮ್ಮನ್ನ ಆಸ್ಪತ್ರೆಗೆ ನಾನೇ ಕರ್ಕೊಂಡು ಹೋಗ್ತೀನಿ. ಬೀದಿಯವರು ನೋಡ್ಲಿ.”

ಬೈಂಡಿಂಗಮ್ಮ ಸೌಟು ಕೆಳಗಿಟ್ಟಳು. “ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದಕ್ಕೆ ಒಳ್ಳೆ ಮರ್ಯಾದೆ,” ಎಂದವಳೇ ಒಳಗೆ ಹೋದಳು. ಅತ್ತೆ ಅನ್ನವನ್ನು ಕಲಸುತ್ತ ಕಲಸುತ್ತ ಕೂತರು. ತಟ್ಟೆ ಎತ್ತುವಾಗ ನೋಡಿದರೆ ಅರ್ಧಕ್ಕರ್ಧ ಹಾಗೇ ಇತ್ತು.

ಕಳ್ಳಿ ಅನ್ನಿಸಿಕೊಂಡು ಸುಮ್ಮನಿರುವ ಜಾಯಮಾನ ಅವಳದಲ್ಲ. ಶುಕ್ರವಾರ ಮಧ್ಯಾಹ್ನ ಎಂದಿನಂತೆ ಗಂಡ ಉಂಡು ಮಲಗಿದ. ಎರಡರಿಂದ ನಾಲ್ಕು ಅವನ ನಿದ್ದೆ. ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ. ಮಗಳು ಶಿಫ್ಟಿಗೆ ಹೋಗಿದ್ದಳು. ಬೈಂಡಿಂಗಮ್ಮ ರಿಜಿಸ್ಟರಿನ ಕಟ್ಟು ಹೊತ್ತು, “ಬರ್ತೀನಿ ಅತ್ತೆ,” ಎಂದು ಕೂಗಿ ಹೇಳಿ, ಬಸ್ ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಕಟ್ಟು ಇಟ್ಟು, ಅರ್ಧ ಗಂಟೆ ಬಿಟ್ಟು ಹಿಂದಿನ ಓಣಿಯಿಂದ ಹಿತ್ತಿಲಿಗೆ ಬಂದಳು.

ಶೆಡ್ಡಿನ ಬಾಗಿಲು ಚಿಲಕ ಹಾಕದೆ ಮುಚ್ಚಿತ್ತು. ತೆರೆದರೆ ಒಳಗೋಡೆಯ ಮೇಲೆ ಎರಡು ದೊಡ್ಡ ಬೆಳಕಿನ ಬಟ್ಟಲು. ಕಾರಿನ ಹೆಡ್‌ಲೈಟು ಎರಡೂ ಉರಿಯುತ್ತಿದ್ದವು. ಡ್ರೈವರ್ ಸೀಟಿನಲ್ಲಿ ಅತ್ತೆ ಕೂತಿದ್ದರು. ಕಾಲು ಹೊರಗೆ, ಕೈಯಲ್ಲಿ ಅವರೇಕಾಯಿ ಬಿಡಿಸುವ ಮೊರ.



“ನೀವಾ,” ಎಂದಳು ಬೈಂಡಿಂಗಮ್ಮ.

“ಬಸ್ ತಪ್ಪಿತೇನೇ?” ಎಂದರು ಅತ್ತೆ.

“ನನ್ನನ್ನ ಎಲ್ಲರ ಮುಂದೆ ಕಳ್ಳಿ ಮಾಡಿದ್ರಲ್ಲ ನಿಮ್ಮ ಮಗ. ನೀವು ಅಲ್ಲೇ ಕೂತು ಅನ್ನ ಕಲಸ್ತಾ ಇದ್ರಿ. ಯಾಕತ್ತೆ? ನಾನೇನು ಮಾಡಿದ್ದೆ ನಿಮಗೆ?”

“ನಿನಗೆ ಮಾಡಿದ್ದಲ್ಲ ಇದು. ಬಾಗಿಲು ಹಾಕು. ಮೆತ್ತಗೆ ಮಾತಾಡು.”

ಅತ್ತೆ ಮೊರವನ್ನು ಪಕ್ಕಕ್ಕಿಟ್ಟು ಹೇಳಿದರು. ನಾಲ್ಕು ತಿಂಗಳ ಹಿಂದೆ ಆಸ್ಪತ್ರೆಯಿಂದ ಬರುವಾಗ, ಮಾರ್ಕೆಟ್ಟಿನ ತಿರುವಿನಲ್ಲಿ, ಸೈಕಲ್ಲಿನ ಹಿಂದೆ ಹಸಿರು ಪೆಟ್ಟಿಗೆ ಕಟ್ಟಿಕೊಂಡು ಬ್ರೆಡ್ ಮಾರುವವನೊಬ್ಬ ಬಲಗಡೆಯಿಂದ ಬಂದ. ಕಾರು ಅವನ ಹ್ಯಾಂಡಲ್ಲಿಗೆ ತಾಗಿತು. ಸೈಕಲ್ಲು ಬಿತ್ತು, ಮನುಷ್ಯನೂ ಬಿದ್ದ, ರಸ್ತೆ ತುಂಬ ಬ್ರೆಡ್ಡು.

“ನಾನು ಕಿಟಕಿಯಿಂದ ನೇರ ಅವನನ್ನೇ ನೋಡ್ತಾ ಇದ್ದೆ. ನೇರ ಇದ್ದಿದ್ದು ನನಗೆ ಕಾಣುತ್ತೆ, ಪಕ್ಕದ್ದು ಕಾಣಲ್ಲ. ‘ಏ ನಿಲ್ಸೋ’ ಅನ್ನೋಕೆ ಬಾಯೇ ಬರ್ಲಿಲ್ಲ. ಇವನು ಏನೂ ಆಗದ ಹಾಗೆ ಹೋದ. ಹೆದರಿ ಓಡಿದ್ದಲ್ಲ ಕಣೆ. ‘ಅಮ್ಮ, ರಾತ್ರಿಗೆ ಏನು ಅಡುಗೆ’ ಅಂತ ಕೇಳ್ದ. ಅವನಿಗೆ ಕಾಣಿಸೇ ಇರ್ಲಿಲ್ಲ.”

ಬೈಂಡಿಂಗಮ್ಮನಿಗೆ ಒಂದೊಂದಾಗಿ ನೆನಪಾಯಿತು. ಗೇಟಿನ ಕಂಬಕ್ಕೆ ಕಾರಿನ ಬಲಮಗ್ಗುಲು ಉಜ್ಜಿದಾಗ ಕಂಬವೇ ಸೊಟ್ಟ ಎಂದದ್ದು. ಬಾಗಿಲಲ್ಲಿ ನಿಂತ ಅವಳಿಗೆ ಡಿಕ್ಕಿ ಹೊಡೆದು, ಸದ್ದಿಲ್ಲದೆ ಬಂದು ನಿಲ್ಲಬೇಡ ಎಂದು ಅವಳನ್ನೇ ಗದರಿದ್ದು.

“ನಿಮ್ಮದೇ ಕಣ್ಣಿನ ರೋಗ ಅವರಿಗೂ,” ಎಂದಳು.

“ನನ್ನದೇ. ನನ್ನ ಅಮ್ಮನಿಗೂ ಹೀಗೇ ಆಗಿದ್ದು. ಮೊದಲು ಅಂಚು ಹೋಗುತ್ತೆ. ನೋವಿಲ್ಲ, ಕೆಂಪಿಲ್ಲ. ನಿನ್ನ ಕಣ್ಣು ಹೋಗ್ತಾ ಇದೆ ಕಣೋ ಅಂತ ಯಾವ ಬಾಯಲ್ಲಿ ಹೇಳ್ಲಿ? ಕೊಟ್ಟೋಳೇ ನಾನು.” ಸೆರಗಿನಿಂದ ಮೂಗು ಒರೆಸಿಕೊಂಡರು. “ಕಾರು ಹೊರಡದಿದ್ರೆ ಯಾರೂ ಸಾಯಲ್ಲ. ಬ್ಯಾಟರಿ ಸತ್ರೆ ಸಾಯ್ಲಿ ಅಂದ್ಕೊಂಡೆ.”

“ಹೇಳಿದ್ರೆ ಕೇಳ್ತಿದ್ರೋ ಏನೋ.”

“ನಿನ್ನ ಮಾತು ಕೇಳ್ತಾನಾ ಅವನು? ನನ್ನದು ಕೇಳ್ತಾನಾ? ಹೇಳ್ಬೇಡ ಕಣಮ್ಮ. ಸೋಮವಾರ ಕಳೀಲಿ.”

ಬೈಂಡಿಂಗಮ್ಮ ಬಗ್ಗಿ ದೀಪ ಆರಿಸಿದಳು. ಅತ್ತೆಯ ತೋಳು ಹಿಡಿದು ಮೇಲೆಬ್ಬಿಸಿದಳು. ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಆದರೆ ಯಾರ ಮೇಲೆ ಹಾಕಬೇಕೆಂದು ತಿಳಿಯಲಿಲ್ಲ.

ಅಂದು ಸಂಜೆ ಆರಕ್ಕೆ ಅಳತೆ ನೋಡಿ ಬಂದ ಗಂಡ ಬಾಗಿಲಲ್ಲೇ ನಿಂತ. “ಹನ್ನೆರಡು ಪಾಯಿಂಟ್ ಮೂರು. ಇವತ್ತು ಶುಕ್ರವಾರ. ಏನು ಹೇಳ್ತೀಯ?”

“ಏನೂ ಹೇಳಲ್ಲ,” ಎಂದಳು ಅವಳು, ಆಲೂಗಡ್ಡೆ ಹೆಚ್ಚುತ್ತ.

“ಒಪ್ಕೊಂಡ ಹಾಗಾಯ್ತು.”

ಚಾಕು ಬೆರಳಿಗೆ ತಗುಲಿತು. ನುಂಗಲೂ ಆಗದೆ ಉಗುಳಲೂ ಆಗದೆ ಎರಡು ದಿನ ಕಳೆದಳು. ಮನೆಯಲ್ಲಿ ಎಲ್ಲರೂ ಬ್ಯಾಟರಿಯ ಮಾತೇ ಆಡುತ್ತಿದ್ದರು. ಬ್ಯಾಟರಿಗಾದರೋ ಏನೂ ಆಗಿರಲಿಲ್ಲ. ಶನಿವಾರ ಬಟ್ಟೆ ಒಣಹಾಕುವಾಗ ಮಗಳಿಗೆ ಎಲ್ಲ ಹೇಳಿದಳು. ಮಗಳು ಒದ್ದೆ ಟವೆಲ್ಲನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು.

“ಅಜ್ಜಿಗೆ ಮೊದಲು ಗೊತ್ತಾದಾಗಲೇ ಡಾಕ್ಟ್ರು ಹೇಳಿದ್ರಮ್ಮ, ಮಕ್ಕಳೂ ತೋರಿಸ್ಕೋಬೇಕು ಅಂತ. ಅಪ್ಪ ‘ನನಗೆ ಕನ್ನಡಕ ಇಲ್ಲದೆ ಪೇಪರ್ ಓದೋಕಾಗುತ್ತೆ’ ಅಂದ್ಬಿಟ್ರು. ತಡ ಮಾಡಿದಷ್ಟೂ ಹೋಗುತ್ತೆ. ಹೋಗಿದ್ದು ವಾಪಸ್ ಬರಲ್ಲ.”

“ಹಾಗಾದ್ರೆ ನಾಳೆನೇ ಹೇಳ್ತೀನಿ. ಅತ್ತೆ ಬೈದ್ರೂ ಬೈಸ್ಕೋತೀನಿ.”

ಭಾನುವಾರ ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ. ಮೀಟರಪ್ಪ ಒಳ್ಳೆಯ ಗೆಲುವಿನಲ್ಲಿದ್ದ. ರಾತ್ರಿಯೆಲ್ಲ ಚಾರ್ಜು ಹಾಕಿ ಬೆಳಿಗ್ಗೆ ಹನ್ನೆರಡು ಪಾಯಿಂಟ್ ಏಳು ಬಂದಿತ್ತು.

“ನಾಳೆ ಎಂಟು ಗಂಟೆಗೇ ಹೊರಡೋಣಮ್ಮ,” ಎಂದ ತಾಯಿಗೆ.

“ನಾಳೆ ನೀವು ಕಾರು ಓಡಿಸಲ್ಲ,” ಎಂದಳು ಬೈಂಡಿಂಗಮ್ಮ. “ಸೋರಿಕೆ ಸಿಕ್ಕಿತು. ನಿಮ್ಮಮ್ಮನೇ ಹೆಡ್‌ಲೈಟ್ ಹಾಕಿ ಇಳಿಸ್ತಾ ಇದ್ದಿದ್ದು. ಯಾಕೆ ಅಂತ ಅವರನ್ನೇ ಕೇಳಿ.”

ಅತ್ತೆ ಕಣ್ಣು ಮುಚ್ಚಿಕೊಂಡರು. ಮೀಟರಪ್ಪ ಮೊದಲು ನಕ್ಕ. ಆಮೇಲೆ ತಾಯಿಯ ಮುಖ ನೋಡಿ ನಗು ನಿಲ್ಲಿಸಿದ. ಅತ್ತೆ ಬಿಟ್ಟು ಬಿಟ್ಟು, ಮೇಜಿನ ಬಟ್ಟೆಯ ಅಂಚನ್ನು ಮಡಚುತ್ತ, ಬ್ರೆಡ್ಡಿನವನ ಕಥೆ ಹೇಳಿದರು.

“ಸುಳ್ಳು,” ಎಂದ ಅವನು. “ಅಮ್ಮನಿಗೆ ಸರಿಯಾಗಿ ಕಾಣಲ್ಲ. ಯಾರೋ ಬಿದ್ದಿದ್ದು ಯಾರ ಕಾರಿಗೋ. ನನಗೆ ಎಲ್ಲ ಕಾಣುತ್ತೆ. ಆ ಗೋಡೆ ಮೇಲಿನ ಇರುವೆ ಕಾಣುತ್ತೆ.”

“ದಿನಾ ಎರಡು ಸಲ ಬ್ಯಾಟರಿ ಅಳೀತೀರಲ್ಲ ಅಪ್ಪ, ಒಂದು ಸಲ ಕಣ್ಣು ಅಳೆಯೋಣ,” ಎಂದು ಮಗಳು ಅವನ ಎದುರಿಗೆ ಕುರ್ಚಿ ಎಳೆದು ಕೂತಳು. “ಎಡಗಣ್ಣು ಮುಚ್ಕೊಳ್ಳಿ. ನನ್ನ ಮೂಗನ್ನೇ ನೋಡ್ಬೇಕು. ಪಕ್ಕಕ್ಕೆ ನೋಡೋ ಹಾಗಿಲ್ಲ. ಚಮಚ ಕಂಡ ತಕ್ಷಣ ಹೇಳಿ.”

“ಮಕ್ಕಳಾಟ ಇದೆಲ್ಲ.”

“ಆಟನೇ ಆದ್ರೆ ಗೆದ್ದುಬಿಡಿ.”

ಅವನು ಎಡಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡ. ಮಗಳು ಚಮಚವನ್ನು ಅವನ ಬಲಗಿವಿಯ ಮಟ್ಟದಿಂದ ಮುಂದಕ್ಕೆ ತಂದಳು. ಅಲ್ಲಾಡಿಸಿದಳು. ಬೈಂಡಿಂಗಮ್ಮ ಉಸಿರು ಹಿಡಿದು ನೋಡಿದಳು. ಚಮಚ ಕೆನ್ನೆಯ ನೇರಕ್ಕೆ ಬಂತು, ಹುಬ್ಬಿನ ನೇರಕ್ಕೆ ಬಂತು.

“ಶುರು ಮಾಡೇ. ಏನು ಕಾಯ್ತಾ ಇದ್ದೀಯ?” ಎಂದ ಮೀಟರಪ್ಪ.

  ಮಗಳು ಚಮಚವನ್ನು ತನ್ನ ಕೆನ್ನೆಯ ಹತ್ತಿರಕ್ಕೇ ತಂದಾಗ ಅವನು “ಹಾಂ, ಕಂಡಿತು,” ಎಂದ. ಹೇಳಿದ ಮೇಲೆ ಸುತ್ತ ಕೂತವರ ಮುಖ ನೋಡಿದ. ಅಂಗೈ ನಿಧಾನವಾಗಿ ಕೆಳಗಿಳಿಯಿತು.

“ಇನ್ನೊಂದು ಸಲ ಮಾಡು,” ಎಂದ. ಅವಳು ಮಾಡಿದಳು. ಮೂರನೆಯ ಸಲವೂ ಮಾಡಿಸಿಕೊಂಡ. ಆಮೇಲೆ ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ. ಮೊಟ್ಟೆ ತಟ್ಟೆಯಲ್ಲೇ ತಣ್ಣಗಾಯಿತು.

ಸೋಮವಾರ ಬಾಡಿಗೆ ಗಾಡಿಯಲ್ಲಿ ತಾಯಿ, ಮಗ ಇಬ್ಬರೂ ಕಣ್ಣಾಸ್ಪತ್ರೆಗೆ ಹೋದರು. ಕತ್ತಲೆ ಕೋಣೆಯಲ್ಲಿ ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ. ಬಂದ ಕಾಗದದಲ್ಲಿ ಬಲಗಣ್ಣಿನ ಅಂಚೆಲ್ಲ ಕಪ್ಪು. ಎಡಗಣ್ಣಿನಲ್ಲೂ ಒಂದು ಮೂಲೆ ಶುರುವಾಗಿತ್ತು. ಡಾಕ್ಟರು ದಿನಾ ಕಣ್ಣಿಗೆ ಹಾಕುವ ಹನಿ ಔಷಧಿ ಬರೆದರು, ಕಾರು ಮುಟ್ಟಬಾರದು ಎಂದರು. ಇರುವುದನ್ನು ಉಳಿಸಿಕೊಳ್ಳಬಹುದು, ಇನ್ನೂ ಕಾಲ ಮಿಂಚಿಲ್ಲ ಎಂದೂ ಹೇಳಿದರು. ಮೀಟರಪ್ಪ ಆ ಕಾಗದವನ್ನು ಮಡಚಿ ಮೀಟರಿದ್ದ ಜೇಬಿಗೆ ಇಟ್ಟುಕೊಂಡ. 

ಅವನು ತಾಯಿಯ ಜೊತೆ ಮಾತು ಬಿಟ್ಟ. ಕಣ್ಣು ಹೋಗುತ್ತಿದೆ ಎಂಬುದಕ್ಕಿಂತ, ಮೂವತ್ತೊಂದು ವರ್ಷದ ಹೆಸರನ್ನು ಹೆತ್ತವಳೇ ಮಧ್ಯಾಹ್ನಗಳಲ್ಲಿ ಕೂತು ಬರಿದು ಮಾಡಿದಳಲ್ಲ ಎಂಬುದು ಅವನನ್ನು ಕೊರೆಯುತ್ತಿತ್ತು. “ಅಮ್ಮ ಔಷಧಿ ಹಾಕಿಸ್ಕೊಂಡ್ರಾ ಕೇಳು,” ಎಂದು ಹೆಂಡತಿಯ ಮೂಲಕ ಕೇಳಿಸುವನು. ಅಮ್ಮ ಎದುರಿಗೇ ಕೂತಿರುತ್ತಿದ್ದರು. “ಹಾಕಿಸ್ಕೊಂಡೆ ಅಂತ ಹೇಳು,” ಎನ್ನುವರು ಅವರು. ನಡುವೆ ಬೈಂಡಿಂಗಮ್ಮ. “ನಾನೇನು ನಿಮ್ಮ ಎಕ್ಸ್‌ಚೇಂಜಾ, ಈ ಕಡೆ ಮಾತು ಆ ಕಡೆ ಹಾಕೋಕೆ?” ಎಂದು ಒಂದು ದಿನ ರೇಗಿದಳು. ಇಬ್ಬರೂ ನಗಲಿಲ್ಲ. ಅತ್ತೆಯ ಊಟ ದಿನದಿಂದ ದಿನಕ್ಕೆ ಕಡಿಮೆಯಾಯಿತು. ಹೀಗೆ ಹನ್ನೆರಡು ದಿನ ಕಳೆಯಿತು.

ಆ ಭಾನುವಾರ ಮಗಳು ಕೀ ತೆಗೆದುಕೊಂಡಳು. “ಅರ್ಧ ಗಂಟೆ ಓಡಿಸ್ಕೊಂಡು ಬರ್ತೀನಿ. ಬರೋರು ಬನ್ನಿ.” ಬೈಂಡಿಂಗಮ್ಮ ಹಿಂದೆ ಕೂತಳು, ಅತ್ತೆ ತಲೆನೋವು ಎಂದು ಮನೆಯಲ್ಲೇ ಉಳಿದರು. ಮೀಟರಪ್ಪ ಹೆಂಡತಿ ಕರೆಯುವ ಮೊದಲೇ ಬಂದು ಮಗಳ ಪಕ್ಕದ ಸೀಟಿನಲ್ಲಿ ಕೂತ. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವನು ಅದಕ್ಕೂ ಖುಷಿಪಡಲಿಲ್ಲ.

“ಕ್ಲಚ್ ಪೂರ್ತಿ ಒತ್ತು. ಗೇರು ಅಷ್ಟು ಬೇಗ ಯಾಕೆ? ಬ್ರೇಕ್. ಬ್ರೇಕ್ ಅಂದೆ. ಆ ಹೆಂಗಸು ದಾಟ್ತಾಳೆ ನೋಡು.”

“ಅವರು ಬಸ್ ಕಾಯ್ತಾ ಇದ್ದಾರಪ್ಪ.”

“ಹಾರ್ನ್ ಮಾಡು.”

ಮಗಳು ರಸ್ತೆಯ ಪಕ್ಕಕ್ಕೆ ಕಾರು ತಂದು ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. “ಅಪ್ಪ, ನೀವು ಸುಮ್ಮನೆ ಕೂರ್ಬೇಕು, ಇಲ್ಲ ನಾನು ಇಳಿದು ಹೋಗ್ತೀನಿ. ಎರಡರಲ್ಲಿ ಒಂದು.”

ಅವನು ಬಾಗಿಲು ತೆಗೆದು ತಾನೇ ಇಳಿದ. ಬೈಂಡಿಂಗಮ್ಮ ನಿಟ್ಟುಸಿರು ಬಿಟ್ಟು ಹಿಂದಿನಿಂದ ಇಳಿದಳು. “ನೀನು ಹೋಗಮ್ಮ, ಅರ್ಧ ಗಂಟೆ ಪೂರ್ತಿ ಮಾಡು. ನಾವು ನಡ್ಕೊಂಡು ಬರ್ತೀವಿ,” ಎಂದಳು ಮಗಳಿಗೆ.

ಗಂಡ ಹತ್ತು ಹೆಜ್ಜೆ ಮುಂದೆ ಹೋಗುತ್ತಿದ್ದ, ಮನೆಯ ಕಡೆಗಲ್ಲ, ಮಾರ್ಕೆಟ್ಟಿನ ಕಡೆಗೆ. ಅವಳು ಓಡಿ ಜೊತೆಗೂಡಿದಳು.

“ನನ್ನ ಮೇಲೆ ಹೊರಿಸಿದ್ರಲ್ಲ ಮಂಗಳವಾರ ಶುಕ್ರವಾರ. ಅದಕ್ಕೆ ನೀವು ಇದುವರೆಗೂ ಒಂದು ಮಾತೂ ಆಡ್ಲಿಲ್ಲ.”

“ಏನು ಆಡ್ಬೇಕು?”

“ಅದನ್ನೂ ನಾನೇ ಹೇಳ್ಕೊಡ್ಬೇಕಾ?”

ಎರಡು ಅಂಗಡಿ ದಾಟಿದ ಮೇಲೆ ಅವನು ತಲೆ ತಗ್ಗಿಸಿಕೊಂಡೇ, “ತಪ್ಪಾಯ್ತು,” ಎಂದ. ಸದ್ಯಕ್ಕೆ ಅಷ್ಟು ಸಾಕು ಎಂದುಕೊಂಡಳು ಅವಳು.

ಮಾರ್ಕೆಟ್ಟಿನ ತಿರುವಿನಲ್ಲಿ ಗೋಡೆಯ ನೆರಳಿಗೆ ಒಂದು ಸೈಕಲ್ಲು ನಿಂತಿತ್ತು. ಹಿಂದೆ ಹಸಿರು ಪೆಟ್ಟಿಗೆ. ಬ್ರೆಡ್ಡಿನವನು ನಲವತ್ತರ ಆಸುಪಾಸಿನ ಒಣಕಲು ಮನುಷ್ಯ, ಗಿರಾಕಿಗೆ ಪೊಟ್ಟಣ ಕಟ್ಟುತ್ತಿದ್ದ. ಗಿರಾಕಿ ಹೋಗುವ ತನಕ ಮೀಟರಪ್ಪ ಕಾದ.

“ನಾಲ್ಕೈದು ತಿಂಗಳ ಹಿಂದೆ ಇಲ್ಲಿ ನಿಮಗೆ ಒಂದು ಕಾರು ತಾಗಿತ್ತಾ?”

“ತಾಗಿತ್ತು. ಯಾಕೆ?”

“ಓಡಿಸ್ತಾ ಇದ್ದಿದ್ದು ನಾನು.”

ಬ್ರೆಡ್ಡಿನವನು ಪೆಟ್ಟಿಗೆಯ ಮುಚ್ಚಳ ಹಾಕಿದ. ಇವನನ್ನು ಅಡಿಯಿಂದ ಮುಡಿಯ ತನಕ ನೋಡಿದ. “ಬಿದ್ದಿದ್ದಕ್ಕೆ ನನಗೆ ಸಿಟ್ಟಿಲ್ಲ. ರೋಡು ಅಂದ್ಮೇಲೆ ಬೀಳ್ತಾರೆ. ನಾನು ಇಲ್ಲೇ ಕೆಳಗೆ ಕೂತ್ಕೊಂಡು ನೋಡ್ತಾ ಇದ್ದೀನಿ, ನಿಮ್ಮ ಕಾರು ಇಂಡಿಕೇಟರ್ ಹಾಕ್ಕೊಂಡು ನಿಧಾನಕ್ಕೆ ತಿರುಗ್ತು. ಹೆದರಿ ಓಡಿಹೋಗಿದ್ರೆ ಕಳ್ಳ ಅಂತ ಬೈದು ಮರೀತಿದ್ದೆ. ಇಂಡಿಕೇಟರ್ ಹಾಕ್ಕೊಂಡು ಹೋದ್ರಲ್ಲ, ಅದು ಮರೆಯೋಕಾಗ್ಲಿಲ್ಲ. ನಾಯಿ ಬಿದ್ರೂ ಜನ ತಿರುಗಿ ನೋಡ್ತಾರೆ.”

“ನನಗೆ ಕಾಣಿಸ್ಲಿಲ್ಲ.”

“ಕಾಣಿಸ್ಲಿಲ್ಲ ಅಂದ್ರೆ?”

“ಈ ಕಡೆ ಕಣ್ಣು ಹೋಗಿದೆ. ಹೋಗಿದೆ ಅಂತ ನನಗೇ ಗೊತ್ತಿರ್ಲಿಲ್ಲ. ಈ ತಿಂಗಳು ಗೊತ್ತಾಯ್ತು.”

ಬ್ರೆಡ್ಡಿನವನು ಹಣೆ ಉಜ್ಜಿಕೊಂಡ. “ಇದೊಳ್ಳೆ ಕಥೆ. ಇಷ್ಟು ದಿನ ನಿಮ್ಮನ್ನ ಬೈಕೊಂಡು ಓಡಾಡ್ದೆ. ಈಗ ಯಾರನ್ನ ಬೈಲಿ ಹೇಳಿ?” ಎಂದ. ಬೈಂಡಿಂಗಮ್ಮನಿಗೆ ಅವನ ಪಾಡು ಚೆನ್ನಾಗಿ ಅರ್ಥವಾಯಿತು.

ಮೊಣಕೈ ಏಳು ವಾರ ಮಡಚಲಾಗಿರಲಿಲ್ಲವಂತೆ. ಈಗ ಸರಿಯಾಗಿದೆ ಎಂದು ಮಡಚಿ, ಚಾಚಿ ತೋರಿಸಿದ. ಸೈಕಲ್ಲಿನ ಹ್ಯಾಂಡಲ್ಲು ಮಾತ್ರ ಇನ್ನೂ ಒಂದು ಕಡೆಗೆ ಎಳೆಯುತ್ತದೆ, ಭಾರ ಇದ್ದಾಗ ಕಷ್ಟ ಎಂದ. ಮೀಟರಪ್ಪ ಹ್ಯಾಂಡಲ್ಲು ಹಿಡಿದು ನೋಡಿದ, ಚಕ್ರ ತಿರುಗಿಸಿ ನೋಡಿದ. ನಾಳೆ ಬೆಳಿಗ್ಗೆ ಬಂದು ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗುವುದಾಗಿ ಹೇಳಿದ. “ಬಂದ್ರೆ ನೋಡೋಣ,” ಎಂದ ಬ್ರೆಡ್ಡಿನವನು.

ಮಧ್ಯಾಹ್ನದ ಊಟಕ್ಕೆ ನಾಲ್ವರೂ ಕೂತರು. ಅನ್ನ, ಬೇಳೆ. ಮಗಳು ಇಪ್ಪತ್ತು ಕಿಲೋಮೀಟರ್ ಓಡಿಸಿದ ಸುದ್ದಿ ಹೇಳಿ ಮುಗಿಸಿದ ಮೇಲೆ ಮಾತು ನಿಂತಿತು. ಅತ್ತೆ ಎಂದಿನಂತೆ ತುತ್ತು ಕಲಸುತ್ತ ಕೂತಿದ್ದರು.

“ಅಮ್ಮ,” ಎಂದ ಮೀಟರಪ್ಪ.

ಬೈಂಡಿಂಗಮ್ಮ ಅಭ್ಯಾಸಬಲದಿಂದ ಮಾತು ದಾಟಿಸಲು ತಲೆಯೆತ್ತಿದಳು. ಅವನು ತಾಯಿಯ ಕಡೆಗೇ ತಿರುಗಿದ್ದ, ಮುಖ ಪೂರ್ತಿ ತಿರುಗಿಸಿ.

“ಅಮ್ಮ, ಅವನ ಕೈ ವಾಸಿಯಾಗಿದೆ.”

ಅತ್ತೆಯ ಬೆರಳು ಅನ್ನದಲ್ಲೇ ನಿಂತವು. “ಮಡಚೋಕಾಗುತ್ತಾ?”

“ಆಗುತ್ತೆ. ಮಡಚಿ ತೋರಿಸ್ದ.”

“ಸೈಕಲ್ಲು?”

“ಹ್ಯಾಂಡಲ್ ಸೊಟ್ಟಗಿದೆ. ನಾಳೆ ಹೋಗಿ ಸರಿ ಮಾಡಿಸ್ತೀನಿ.”

“ಒಬ್ಬನೇ ಹೋಗ್ಬೇಡ. ಅಲ್ಲಿ ರೋಡು ದಾಟ್ಬೇಕು.”

“ಇಲ್ಲ, ನಿನ್ನ ಸೊಸೆ ಬರ್ತಾಳೆ.”

“ನನ್ನನ್ನ ಕೇಳಿದ್ರಾ?” ಎಂದಳು ಬೈಂಡಿಂಗಮ್ಮ. “ನಾಳೆ ನಲವತ್ತು ರಿಜಿಸ್ಟರಿಗೆ ರಟ್ಟು ಹಾಕ್ಬೇಕು ನಾನು.”

ಮೀಟರಪ್ಪ ಅವಳ ಕಡೆಗೂ ಮುಖ ಪೂರ್ತಿ ತಿರುಗಿಸಿದ. “ಬರ್ತೀಯಾ?” ಎಂದು ಕೇಳಿದ.

ಅವಳು ಉತ್ತರ ಹೇಳುವ ಮೊದಲು ಅತ್ತೆಯ ತಟ್ಟೆ ನೋಡಿದಳು. ಅತ್ತೆ ತುತ್ತು ಬಾಯಿಗಿಟ್ಟು ಅಗಿಯುತ್ತಿದ್ದರು.

“ಹತ್ತು ಗಂಟೆ ಒಳಗೆ ವಾಪಸ್ ಬರ್ಬೇಕು,” ಎಂದಳು, ಸೌಟು ತೆಗೆದುಕೊಂಡು ಅತ್ತೆಗೆ ಇನ್ನೊಂದಿಷ್ಟು ಅನ್ನ ಬಡಿಸುತ್ತ.